64 ಜಿಬಿ ಪೆನ್‌ಡ್ರೈವ್‌ನಲ್ಲಿ 59 ಜಿಬಿ ಮಾತ್ರ ಕಾಣುವುದೇಕೆ? ಕಂಪ್ಯೂಟರ್ ಎಣಿಸುವ ಬಗೆ

ಪೆನ್‌ಡ್ರೈವ್ ಪ್ಯಾಕೆಟ್ ಮೇಲೆ 64 ಜಿಬಿ ಎಂದಿರುತ್ತದೆ. ಕಂಪ್ಯೂಟರಿಗೆ ಸಿಕ್ಕಿಸಿದರೆ ಕಾಣುವುದು 59 ಜಿಬಿ ಚಿಲ್ಲರೆ, ಕೆಲವೊಮ್ಮೆ ಇನ್ನೂ ಕಡಿಮೆ. 1 ಟಿಬಿ ಹಾರ್ಡ್ ಡಿಸ್ಕ್ ಕೊಂಡವರಿಗೆ 931 ಜಿಬಿ ಕಾಣುತ್ತದೆ. ಎರಡೂ ಸಂಖ್ಯೆಗಳ ಫೋಟೊ ಅಕ್ಕಪಕ್ಕ ಇಟ್ಟು, "ಕಂಪನಿಗಳು ಗ್ರಾಹಕರಿಗೆ ಟೋಪಿ ಹಾಕುತ್ತಿವೆ, ಎಲ್ಲರಿಗೂ ತಲುಪಿಸಿ" ಎನ್ನುವ ಧಾಟಿಯ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಲೇ ಇರುತ್ತವೆ.

ಇದು ಮೋಸವಲ್ಲ. ಜಾಗ ಎಲ್ಲೂ ಹೋಗಿಲ್ಲ. ಪ್ಯಾಕೆಟ್ ಮೇಲೆ ಬರೆದವರು ಹತ್ತರ ಲೆಕ್ಕದಲ್ಲಿ ಎಣಿಸಿದ್ದಾರೆ, ಕಂಪ್ಯೂಟರ್ ಎರಡರ ಲೆಕ್ಕದಲ್ಲಿ ಎಣಿಸಿದೆ, ಅಷ್ಟೆ. ಆದರೆ ಇದೇ ಪೆನ್‌ಡ್ರೈವ್ ಮಾರುಕಟ್ಟೆಯಲ್ಲಿ ನಿಜವಾದ ಮೋಸವೂ ಒಂದಿದೆ. ವಿಚಿತ್ರವೆಂದರೆ ಆ ಮೋಸದಲ್ಲಿ ಪರದೆಯ ಮೇಲೆ ಕಾಣುವ ಸಂಖ್ಯೆ ಸರಿಯಾಗಿಯೇ ಇರುತ್ತದೆ! ಯಾವುದು ಲೆಕ್ಕದ ವ್ಯತ್ಯಾಸ, ಯಾವುದು ವಂಚನೆ ಎಂದು ಗುರುತಿಸಬೇಕಾದರೆ ಕಂಪ್ಯೂಟರ್ ಹೇಗೆ ಎಣಿಸುತ್ತದೆ ಎಂಬುದು ಸ್ವಲ್ಪ ಗೊತ್ತಿರಬೇಕು. ಅದು ಕಷ್ಟದ ವಿಷಯವೇನಲ್ಲ.

ಸೇರು, ಪಾವು, ಚಟಾಕು

ನಾವು ಹತ್ತರ ಗುಂಪು ಕಟ್ಟಿ ಎಣಿಸುತ್ತೇವೆ. 365 ಎಂದರೆ ಮೂರು ನೂರು, ಆರು ಹತ್ತು, ಐದು ಬಿಡಿ. ಅಂಕಿಯ ಬೆಲೆ ಅದು ಕುಳಿತ ಸ್ಥಾನದಿಂದ ಬರುತ್ತದೆ. ಹತ್ತೇ ಏಕೆ? ಕೈಗೆ ಹತ್ತು ಬೆರಳಿವೆ ಎನ್ನುವುದಕ್ಕಿಂತ ದೊಡ್ಡ ಕಾರಣವೇನೂ ಕಾಣುವುದಿಲ್ಲ. ಹತ್ತರ ಬದಲು ಬೇರೆ ಗುಂಪು ಕಟ್ಟಿ ಎಣಿಸಿದರೂ ಬುಟ್ಟಿಯಲ್ಲಿರುವ ಮಾವಿನಹಣ್ಣು ಹೆಚ್ಚುವುದಿಲ್ಲ, ಕಡಿಮೆಯಾಗುವುದೂ ಇಲ್ಲ. ಬರೆಯುವ ರೀತಿ ಮಾತ್ರ ಬದಲಾಗುತ್ತದೆ.

ಎರಡರ ಗುಂಪಿನ ಎಣಿಕೆ ನಮ್ಮ ಹಿರಿಯರ ಅಡುಗೆಮನೆಯಲ್ಲೇ ಇತ್ತು. ಸೇರಿನ ಅರ್ಧ ಅಚ್ಚೇರು, ಅದರ ಅರ್ಧ ಪಾವು, ಅದರ ಅರ್ಧ ಅರೆಪಾವು, ಅದರ ಅರ್ಧ ಚಟಾಕು. ಚಟಾಕನ್ನು ಒಂದು ಎಂದಿಟ್ಟುಕೊಂಡರೆ ಈ ಅಳತೆಗಳು 1, 2, 4, 8, 16 ಆಗುತ್ತವೆ. ಈಗ 13 ಚಟಾಕು ಅಕ್ಕಿ ಅಳೆಯಬೇಕು ಎನ್ನಿ. ಅಚ್ಚೇರು ಒಮ್ಮೆ, ಪಾವು ಒಮ್ಮೆ, ಅರೆಪಾವು ಬೇಡ, ಚಟಾಕು ಒಮ್ಮೆ. 8, 4, 1 ಸೇರಿ 13 ಆಯಿತು. ಬಳಸಿದ ಅಳತೆಗೆ 1, ಬಳಸದ ಅಳತೆಗೆ 0 ಎಂದು ದೊಡ್ಡದರಿಂದ ಚಿಕ್ಕದಕ್ಕೆ ಬರೆಯಿರಿ: 1101. ಇದೇ 13ರ ದ್ವಿಮಾನ ರೂಪ. ಇದನ್ನು ಸಾವಿರದ ನೂರ ಒಂದು ಎಂದು ಓದಬಾರದು, "ಒಂದು ಒಂದು ಸೊನ್ನೆ ಒಂದು" ಎಂದು ಓದಬೇಕು.

ಈ ನಾಲ್ಕು ಚಿಕ್ಕ ಅಳತೆಗಳನ್ನು ಒಂದೊಂದೇ ಸಲ ಬಳಸಿ 1ರಿಂದ 15ರವರೆಗೆ ಯಾವ ಮೊತ್ತವನ್ನಾದರೂ ಅಳೆಯಬಹುದು. ನಂಬಿಕೆ ಬಾರದಿದ್ದರೆ ಕಾಗದದ ಮೇಲೆ ಮಾಡಿ ನೋಡಿ. ಹೀಗೆ 0 ಅಥವಾ 1 ಕೂರುವ ಒಂದು ಸ್ಥಾನಕ್ಕೆ ಬಿಟ್ ಎನ್ನುತ್ತಾರೆ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಒಂದು ಬೈಟ್‌ನಲ್ಲಿ 0ಯಿಂದ 255ರವರೆಗೆ 256 ಬೇರೆ ಬೇರೆ ಸಂಖ್ಯೆಗಳನ್ನು ಬರೆಯಬಹುದು. (ಮನೆಯ ಬ್ರಾಡ್‌ಬ್ಯಾಂಡ್ ವೇಗ 100 ಎಂದಿದ್ದರೂ ಸೆಕೆಂಡಿಗೆ ಹೆಚ್ಚೆಂದರೆ 12.5 ಎಂಬಿ ಇಳಿಯುವುದು ಇದಕ್ಕೇ. ವೇಗ ಹೇಳುವುದು ಬಿಟ್‌ನಲ್ಲಿ, ಕಡತ ಅಳೆಯುವುದು ಬೈಟ್‌ನಲ್ಲಿ. ಎಂಟರಿಂದ ಭಾಗಿಸಬೇಕು.)

ಸೊನ್ನೆ ನಮ್ಮದು, ಹಾಗಾದರೆ ಕಂಪ್ಯೂಟರೂ ನಮ್ಮದೇ?

"ಕಂಪ್ಯೂಟರಿಗೆ ಅರ್ಥವಾಗುವುದು 0 ಮತ್ತು 1 ಮಾತ್ರ. ಸೊನ್ನೆ ಕೊಟ್ಟದ್ದು ಭಾರತ. ಆದ್ದರಿಂದ ಭಾರತವಿಲ್ಲದೆ ಕಂಪ್ಯೂಟರಿಲ್ಲ" ಎಂಬ ಅರ್ಥದ ಸಂದೇಶ ನಿಮಗೂ ಬಂದಿರಬಹುದು. ಇದರ ತುಣುಕುಗಳು ನಿಜ, ಕಟ್ಟಿದ ರೀತಿ ತಪ್ಪು.

ಸೊನ್ನೆಯನ್ನು ಒಳಗೊಂಡ ಸ್ಥಾನಬೆಲೆಯ ಬರವಣಿಗೆ ಭಾರತದಲ್ಲಿ ಬೆಳೆದು ಅರಬರ ಮೂಲಕ ಯುರೋಪಿಗೆ ಹೋಯಿತು. ಸೊನ್ನೆಯನ್ನು ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಬ್ರಹ್ಮಗುಪ್ತ 628ರ ಬ್ರಹ್ಮಸ್ಫುಟಸಿದ್ಧಾಂತದಲ್ಲಿ ಬರೆದಿದ್ದಾನೆ. ಇದರಲ್ಲಿ ಅನುಮಾನವಿಲ್ಲ. ಆದರೆ ಕಂಪ್ಯೂಟರಿನೊಳಗೆ 0 ಎಂಬ ಅಂಕಿ ಬರೆದಿಟ್ಟಿರುವುದಿಲ್ಲ. ಅಲ್ಲಿರುವುದು ವಿದ್ಯುತ್ತಿನ ಎರಡು ಸ್ಥಿತಿ, ಗೋಡೆಯ ಸ್ವಿಚ್ ಇದ್ದ ಹಾಗೆ. ಅವಕ್ಕೆ 0 ಮತ್ತು 1 ಎಂದು ಹೆಸರಿಟ್ಟವರು ನಾವು.

ಕಂಪ್ಯೂಟರ್ ಎರಡರಲ್ಲೇ ಎಣಿಸಬೇಕೆಂಬ ಕಟ್ಟಳೆಯೂ ಇಲ್ಲ. ಅಮೆರಿಕದಲ್ಲಿ 1946ರಲ್ಲಿ ಲೋಕಕ್ಕೆ ತೋರಿಸಿದ ಎನಿಯಾಕ್ ಎಂಬ ಹೆಸರಾಂತ ಯಂತ್ರ ಎಣಿಸುತ್ತಿದ್ದದ್ದು ಹತ್ತರಲ್ಲಿ. ಮಾಸ್ಕೋದಲ್ಲಿ 1958ರಲ್ಲಿ ಕಟ್ಟಿದ ಸೆತುನ್ ಮೂರರಲ್ಲಿ ಎಣಿಸುತ್ತಿತ್ತು. ಕೊನೆಗೆ ಗೆದ್ದದ್ದು ಎರಡು. ತಂತಿಯಲ್ಲಿ ಹತ್ತು ಮಟ್ಟದ ವಿದ್ಯುತ್ತನ್ನು ಒಂದಕ್ಕೊಂದು ಬೆರೆಯದಂತೆ ಗುರುತಿಸುವುದು ಕಷ್ಟ, ಇದೆ ಅಥವಾ ಇಲ್ಲ ಎಂದು ಗುರುತಿಸುವುದು ಸುಲಭ. ಸ್ವಿಚ್‌ಗಳನ್ನು ಜೋಡಿಸಿ ತರ್ಕವನ್ನೂ ಲೆಕ್ಕವನ್ನೂ ಮಾಡಬಹುದು ಎಂದು ಕ್ಲಾಡ್ ಶಾನನ್ 1937ರಲ್ಲಿ ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ ತೋರಿಸಿಕೊಟ್ಟ. ಅಲ್ಲಿಂದ ದಾರಿ ಸಲೀಸಾಯಿತು.

ನಮ್ಮ ಪರಂಪರೆಯಲ್ಲಿ ಎರಡರ ಎಣಿಕೆಯ ಗುರುತು ಹುಡುಕಬೇಕೆಂದರೆ ಸೊನ್ನೆಯ ಕಡೆಗಲ್ಲ, ಛಂದಸ್ಸಿನ ಕಡೆಗೆ ನೋಡಬೇಕು. ಹೈಸ್ಕೂಲಿನಲ್ಲಿ ಹಳಗನ್ನಡ ಪದ್ಯಕ್ಕೆ ಪ್ರಸ್ತಾರ ಹಾಕಿ ಗಣ ವಿಂಗಡಿಸಿದ್ದು ನೆನಪಿದೆಯೆ? ಪ್ರತಿ ಅಕ್ಷರವೂ ಲಘು ಅಥವಾ ಗುರು, ಮೂರನೆಯದಿಲ್ಲ. ಮೂರು ಅಕ್ಷರದ ಗಣಗಳು ಎಂಟೇ ಏಕೆ? ಮೂರು ಸ್ಥಾನ, ಪ್ರತಿಯೊಂದಕ್ಕೂ ಎರಡೇ ಆಯ್ಕೆ, ಎರಡೆರಡಲ ನಾಲ್ಕು, ನಾಲ್ಕೆರಡಲ ಎಂಟು. "ಯಮಾತಾರಾಜಭಾನಸಲಗಂ" ಎಂದು ಬಾಯಿಪಾಠ ಮಾಡಿದವರು ಲಘುವಿಗೆ 0, ಗುರುವಿಗೆ 1 ಬರೆದು ನೋಡಲಿ: 0111010001. ಇದರಲ್ಲಿ ಎಲ್ಲಿಂದ ಶುರುಮಾಡಿ ಸಾಲಾಗಿ ಮೂರು ಅಂಕಿ ತೆಗೆದರೂ ಒಂದೊಂದು ಹೊಸ ಗಣ ಸಿಗುತ್ತದೆ. ಎಂಟೂ ಬರುತ್ತವೆ, ಒಂದೂ ಮರುಕಳಿಸುವುದಿಲ್ಲ. ಇಂಥ ಸರಣಿಗಳನ್ನು ಇಂದಿನ ಕಂಪ್ಯೂಟರ್ ವಿಜ್ಞಾನದಲ್ಲೂ ಅಭ್ಯಾಸ ಮಾಡುತ್ತಾರೆ. ಕ್ರಿಸ್ತಪೂರ್ವದಲ್ಲೇ ಇದ್ದ ಪಿಂಗಳ ತನ್ನ ಛಂದಶ್ಶಾಸ್ತ್ರದಲ್ಲಿ ಈ ಲಘು-ಗುರು ಜೋಡಣೆಗಳನ್ನೆಲ್ಲ ಕ್ರಮವಾಗಿ ಪಟ್ಟಿ ಮಾಡುವ ವಿಧಾನ ಕೊಟ್ಟಿದ್ದಾನೆ. ಯುರೋಪಿನಲ್ಲಿ ದ್ವಿಮಾನ ಗಣಿತದ ಬಗ್ಗೆ ಲೈಬ್‌ನಿಟ್ಸ್ ಲೇಖನ ಪ್ರಕಟಿಸಿದ್ದು 1703ರಲ್ಲಿ. ಪಿಂಗಳನದು ನಿಜಕ್ಕೂ ಹೆಮ್ಮೆಯ ಕೆಲಸ. ಆದರೆ ಅವನು ಕಂಪ್ಯೂಟರ್ ಕಂಡುಹಿಡಿದ ಎಂದು ಫಾರ್ವರ್ಡ್ ಮಾಡಿದರೆ ಅವನು ನಿಜವಾಗಿ ಮಾಡಿದ್ದು ಮರೆತೇ ಹೋಗುತ್ತದೆ.

ಆ 5 ಜಿಬಿ ಎಲ್ಲಿ ಹೋಯಿತು?

ಎರಡನ್ನು ಹತ್ತು ಸಲ ಗುಣಿಸಿದರೆ 1024. ಸಾವಿರಕ್ಕೆ ತುಂಬ ಹತ್ತಿರ. ಆದ್ದರಿಂದ ಮೊದಲ ಕಾಲದ ಎಂಜಿನಿಯರುಗಳು 1024 ಬೈಟ್‌ಗೆ ಕಿಲೋಬೈಟ್ ಎಂದೇ ಕರೆದರು. ಕಿಲೋಗ್ರಾಂ, ಕಿಲೋಮೀಟರ್‌ಗಳಲ್ಲಿ ಕಿಲೋ ಎಂದರೆ ಸರಿಯಾಗಿ ಸಾವಿರ. ಇಲ್ಲಿ ಮಾತ್ರ 24 ಹೆಚ್ಚು. ಆಗ ಯಾರೂ ತಲೆಕೆಡಿಸಿಕೊಳ್ಳಲಿಲ್ಲ, ನೂರಕ್ಕೆ ಎರಡೂವರೆಯಷ್ಟೇ ವ್ಯತ್ಯಾಸ.

ಆದರೆ ಈ ವ್ಯತ್ಯಾಸ ಮೆಟ್ಟಿಲು ಹತ್ತಿದಂತೆ ಚಕ್ರಬಡ್ಡಿಯ ಹಾಗೆ ಬೆಳೆಯುತ್ತದೆ. ಹತ್ತರ ಲೆಕ್ಕದ ಒಂದು ಜಿಬಿ ಎಂದರೆ 100 ಕೋಟಿ ಬೈಟ್. ಎರಡರ ಲೆಕ್ಕದ ಜಿಬಿ ಎಂದರೆ 1024ನ್ನು ಮೂರು ಸಲ ಗುಣಿಸಿದ್ದು, ಅಂದರೆ 107,37,41,824 ಬೈಟ್. ನೂರಕ್ಕೆ ಏಳಕ್ಕೂ ಹೆಚ್ಚು ವ್ಯತ್ಯಾಸ. ಟಿಬಿಗೆ ಹೋದರೆ ಅದು ಸುಮಾರು ಹತ್ತಾಗುತ್ತದೆ. ಈಗ 64 ಜಿಬಿ ಲೆಕ್ಕ ಹಾಕಿ: ಪೆನ್‌ಡ್ರೈವ್‌ನಲ್ಲಿ ಇರುವುದು 6,400 ಕೋಟಿ ಬೈಟ್. ಅದನ್ನು 107,37,41,824ರಿಂದ ಭಾಗಿಸಿದರೆ 59.6. ಹಾಗೆಯೇ 32 ಜಿಬಿ ಇದ್ದದ್ದು 29.8 ಎಂದೂ 128 ಇದ್ದದ್ದು 119.2 ಎಂದೂ ಕಾಣುತ್ತದೆ. ಕಡತಗಳ ಪಟ್ಟಿ ಇಟ್ಟುಕೊಳ್ಳಲು ಸ್ವಲ್ಪ ಜಾಗ ಹೋಗುವುದರಿಂದ ಇದಕ್ಕಿಂತ ಚೂರು ಕಡಿಮೆ ಕಂಡರೂ ಗಾಬರಿಯಾಗಬೇಕಿಲ್ಲ.

ರ‍್ಯಾಮ್ ವಿಷಯದಲ್ಲಿ ಹೀಗಾಗುವುದಿಲ್ಲ. 8 ಜಿಬಿ ರ‍್ಯಾಮ್ ಎಂದರೆ ಎರಡರ ಲೆಕ್ಕದ 8 ಜಿಬಿಯೇ. ಒಂದು ವಿಳಾಸದ ತಂತಿ ಹೆಚ್ಚಿಸಿದರೆ ತಲುಪಬಹುದಾದ ಜಾಗ ಇಮ್ಮಡಿಯಾಗುವುದರಿಂದ ಅಲ್ಲಿ ಎರಡರ ಲೆಕ್ಕ ತಾನಾಗಿ ಬರುತ್ತದೆ. ಡಿಸ್ಕ್ ತಯಾರಕರಿಗೆ ಅಂಥ ಕಟ್ಟು ಇರಲಿಲ್ಲ, ಅವರು ಹತ್ತರಲ್ಲಿ ಎಣಿಸಿದರು. ಹತ್ತರಲ್ಲಿ ಎಣಿಸಿದರೆ ಪ್ಯಾಕೆಟ್ ಮೇಲಿನ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ ಎಂಬುದೂ ಅವರಿಗೆ ಬೇಡವಾದ ವಿಷಯವೇನಲ್ಲ! ಅಮೆರಿಕದಲ್ಲಿ ಗ್ರಾಹಕರು ಇದನ್ನು ನ್ಯಾಯಾಲಯಕ್ಕೂ ಒಯ್ದಿದ್ದಾರೆ. ಈಗ ಹೆಚ್ಚಿನ ಪ್ಯಾಕೆಟ್‌ಗಳ ಹಿಂದೆ 1 ಜಿಬಿ ಎಂದರೆ ನೂರು ಕೋಟಿ ಬೈಟ್ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತಾರೆ.

ಗೊಂದಲ ತೀರಿಸಲು ಅಂತರರಾಷ್ಟ್ರೀಯ ಮಾನಕ ಸಂಸ್ಥೆಯೊಂದು 1998ರಲ್ಲಿ ಎರಡರ ಲೆಕ್ಕಕ್ಕೆ ಕಿಬಿ, ಮೆಬಿ, ಗಿಬಿ ಎಂಬ ಬೇರೆ ಹೆಸರುಗಳನ್ನೇ ಕೊಟ್ಟಿತು. ಬಳಕೆಗೆ ಬಂದದ್ದು ಕಡಿಮೆ. ವಿಂಡೋಸ್ ಇಂದಿಗೂ ಎರಡರಲ್ಲಿ ಎಣಿಸಿ ಜಿಬಿ ಎಂದೇ ಬರೆಯುತ್ತದೆ. ಆಪಲ್ ಕಂಪ್ಯೂಟರುಗಳು 2009ರಿಂದ ಹತ್ತರಲ್ಲಿ ಎಣಿಸುತ್ತವೆ. ಅದೇ ಪೆನ್‌ಡ್ರೈವನ್ನು ಅಲ್ಲಿ ಸಿಕ್ಕಿಸಿದರೆ 64ರ ಆಸುಪಾಸು ತೋರಿಸುತ್ತದೆ. ಮೋಸದ ಫಾರ್ವರ್ಡ್ ಕಳಿಸಿದವರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಹೊಸ ಫೋನಿನಲ್ಲಿ 128ಕ್ಕೆ ನೂರರಷ್ಟೇ ಖಾಲಿ ಇದೆ ಎಂಬ ದೂರು ಬೇರೆ. ಅಲ್ಲಿ ಆಂಡ್ರಾಯ್ಡ್ ಮತ್ತು ಕಂಪನಿ ಮೊದಲೇ ತುಂಬಿದ ಆ್ಯಪ್‌ಗಳು ನಿಜವಾಗಿಯೇ ಜಾಗ ತಿಂದಿರುತ್ತವೆ.

ನಿಜವಾದ ಮೋಸ ಇದು

"2 ಟಿಬಿ ಪೆನ್‌ಡ್ರೈವ್, ಕೆಲವೇ ನೂರು ರೂಪಾಯಿ" ಎಂಬ ಜಾಹೀರಾತುಗಳನ್ನು ನೋಡಿರುತ್ತೀರಿ. ಇಂಥವುಗಳ ಒಳಗಿನ ಚಿಪ್ 16 ಅಥವಾ 32 ಜಿಬಿಯದಾಗಿರಬಹುದು. ಪೆನ್‌ಡ್ರೈವ್‌ನಲ್ಲಿ ಕಂಟ್ರೋಲರ್ ಎಂಬ ಪುಟ್ಟ ಚಿಪ್ ಇರುತ್ತದೆ. ಎಷ್ಟು ಜಾಗವಿದೆ ಎಂದು ಕಂಪ್ಯೂಟರ್ ಕೇಳಿದಾಗ ಉತ್ತರ ಹೇಳುವುದು ಅದೇ. ವಂಚಕರು ಅದರ ತಂತ್ರಾಂಶ ತಿದ್ದಿ ಸುಳ್ಳು ಹೇಳಿಸುತ್ತಾರೆ. ಕಂಪ್ಯೂಟರ್ ಅದನ್ನು ನಂಬಿ 1.81 ಟಿಬಿ ಎಂದು ತೋರಿಸುತ್ತದೆ. ಎರಡರ ಲೆಕ್ಕದಲ್ಲಿ 2 ಟಿಬಿಗೆ ಬರಬೇಕಾದ್ದು ಅಷ್ಟೇ. ಹಾಗಾಗಿ ಸಂಖ್ಯೆ ನೋಡಿದ ಯಾರಿಗೂ ಅನುಮಾನ ಬರುವುದಿಲ್ಲ.

ಮೊದಲ ಕೆಲವು ದಿನ ಎಲ್ಲ ಸರಿ. ಅಸಲಿ ಜಾಗ ತುಂಬಿದ ಮೇಲೆ ಹೊಸ ಕಡತಗಳು ಹಳೆಯದರ ಮೇಲೆ ಬರೆದುಕೊಳ್ಳುತ್ತವೆ, ಇಲ್ಲವೇ ಎಲ್ಲೂ ಉಳಿಯುವುದಿಲ್ಲ. ಪಟ್ಟಿಯಲ್ಲಿ ಮಾತ್ರ ಹೆಸರು, ಗಾತ್ರ ಎಲ್ಲ ಕಾಣುತ್ತದೆ. ಫೋನ್ ತುಂಬಿದೆ ಎಂದು ಮದುವೆಯ ಫೋಟೊ, ಮಗುವಿನ ವಿಡಿಯೊಗಳನ್ನು ಇದಕ್ಕೆ ಹಾಕಿ ಫೋನಿನಿಂದ ಅಳಿಸಿದವರಿಗೆ ವಿಷಯ ಗೊತ್ತಾಗುವುದು ತಿಂಗಳುಗಳ ನಂತರ, ತೆರೆಯಲು ಹೋದಾಗ. ಆಗ ಮಾಡಬಹುದಾದ್ದು ಹೆಚ್ಚೇನಿಲ್ಲ.

ಪರೀಕ್ಷೆ ಸುಲಭ. ಎಚ್2ಟೆಸ್ಟ್‌ಡಬ್ಲ್ಯು, ಎಫ್3 ಎಂಬ ಉಚಿತ ತಂತ್ರಾಂಶಗಳಿವೆ. ಅವು ಪೆನ್‌ಡ್ರೈವನ್ನು ಪೂರ್ತಿ ತುಂಬಿಸಿ, ಬರೆದದ್ದನ್ನೆಲ್ಲ ಮತ್ತೆ ಓದಿ ತಾಳೆ ನೋಡುತ್ತವೆ. ದೊಡ್ಡ ಡಿಸ್ಕ್ ಆದರೆ ಒಂದು ರಾತ್ರಿ ಹಿಡಿಯಬಹುದು. ಹೊಸದನ್ನು ತಂದ ಕೂಡಲೇ, ಏನನ್ನೂ ಹಾಕುವ ಮೊದಲೇ ಮಾಡಿ. ಪರೀಕ್ಷೆಗೆ ಮೊದಲೇ ಕೆಲಸಕ್ಕೆ ಬರುವುದು ಬೆಲೆ. ಹೆಸರಾಂತ ಕಂಪನಿಯ 64 ಜಿಬಿ ಸಿಗುವ ದುಡ್ಡಿಗೆ 2 ಟಿಬಿ ಸಿಗಲು ಸಾಧ್ಯವೇ ಇಲ್ಲ. 64ಕ್ಕೆ 59 ತೋರಿಸಿದವನು ಪ್ರಾಮಾಣಿಕ.

ಹದಿನಾರಾಣೆ ಲೆಕ್ಕ

"ಹದಿನಾರಾಣೆ ಸತ್ಯ" ಎನ್ನುತ್ತೇವೆ. ರೂಪಾಯಿಗೆ ಹದಿನಾರಾಣೆ ಇದ್ದ ಕಾಲದ ಮಾತು ಅದು. ಕಂಪ್ಯೂಟರ್ ಕೆಲಸದವರಿಗೂ ಹದಿನಾರು ಬಹಳ ಇಷ್ಟ. 0 ಮತ್ತು 1ರ ಉದ್ದನೆಯ ಸಾಲು ಓದಿದರೆ ಮನುಷ್ಯರ ಕಣ್ಣು ಸೋಲುತ್ತದೆ. ನಾಲ್ಕು ಬಿಟ್‌ಗೆ ಹದಿನಾರು ಜೋಡಣೆಗಳು, ಪ್ರತಿ ಜೋಡಣೆಗೂ ಒಂದೊಂದು ಗುರುತು ಕೊಟ್ಟರೆ ಬರೆಯುವುದು ನಾಲ್ಕರಲ್ಲಿ ಒಂದು ಭಾಗವಾಗುತ್ತದೆ. 9ರ ನಂತರ ಅಂಕಿಗಳಿಲ್ಲದ್ದರಿಂದ ಇಂಗ್ಲಿಷ್ ಅಕ್ಷರಗಳನ್ನು ಎರವಲು ಪಡೆದು ಹತ್ತಕ್ಕೆ ಎ, ಹನ್ನೊಂದಕ್ಕೆ ಬಿ, ಹೀಗೆ ಹದಿನೈದಕ್ಕೆ ಎಫ್ ಎನ್ನುತ್ತಾರೆ. ನಮ್ಮ 13 ಚಟಾಕು ಇಲ್ಲಿ ಬರೇ ಡಿ. ಇದೇ ಹೆಕ್ಸಾಡೆಸಿಮಲ್. ಯಂತ್ರ ಇದರಲ್ಲಿ ಎಣಿಸುವುದಿಲ್ಲ, ಇದು ನಮ್ಮ ಅನುಕೂಲಕ್ಕೆ ಮಾಡಿಕೊಂಡ ಶೀಘ್ರಲಿಪಿ.

ಇದು ನಿಮ್ಮ ಫೋನಿನಲ್ಲಿ ಎದುರಾಗುವ ಜಾಗವೊಂದಿದೆ. ಕನ್ನಡ ಲೇಖನದ ಕೊಂಡಿ ಹಂಚಿಕೊಂಡಾಗ ಕೆಲವು ಸಲ ಶೇಕಡಾ ಗುರುತು, ಅಂಕಿ, ಇಂಗ್ಲಿಷ್ ಅಕ್ಷರಗಳ ಮಾರುದ್ದದ ಕಲಸುಮೇಲೋಗರ ಬರುತ್ತದೆ. ವೈರಸ್ ಇರಬೇಕು, ಒತ್ತಬೇಡಿ ಎಂದು ಗುಂಪಿನಲ್ಲಿ ಯಾರಾದರೂ ಎಚ್ಚರಿಸುತ್ತಾರೆ. ಅದು ವೈರಸ್ ಅಲ್ಲ, ಕನ್ನಡವೇ. ಯೂನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ. "ಕ" ಅಕ್ಷರದ್ದು 3221, ಹದಿನಾರರ ಲೆಕ್ಕದಲ್ಲಿ 0ಸಿ95. ಇದನ್ನು ಅಂತರಜಾಲದಲ್ಲಿ ಕಳಿಸುವಾಗ ಮೂರು ಬೈಟ್‌ಗಳಾಗಿ ಕಟ್ಟುತ್ತಾರೆ. ಕೊಂಡಿಯಲ್ಲಿ ಅದು %ಇ0%ಬಿ2%95 ಎಂದು ಕಾಣುತ್ತದೆ (ಅಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿರುತ್ತದೆ). ಕನ್ನಡದ ಕೊಂಡಿಗಳಲ್ಲಿ ಇ0, ಬಿ2 ಮತ್ತೆ ಮತ್ತೆ ಬರುವುದು ಇದಕ್ಕೇ, ನಮ್ಮ ಅಕ್ಷರಗಳೆಲ್ಲ ಒಂದೇ ಬೀದಿಯ ಮನೆಗಳು.

ಕೊಂಡಿಯಲ್ಲಿ ಅಪಾಯ ಹುಡುಕಬೇಕಾದ್ದು ಬೇರೆಡೆ. ಮೊದಲು ಬರುವ ಜೋಡಿ ಓರೆಗೆರೆಯ ನಂತರ, ಮುಂದಿನ ಓರೆಗೆರೆಗಿಂತ ಮೊದಲು ಇರುವ ಜಾಲತಾಣದ ಹೆಸರನ್ನು ನೋಡಿ, ಅದರಲ್ಲೂ ಕೊನೆಯ ಭಾಗವನ್ನು. ಮುಂದೆ ಬ್ಯಾಂಕಿನ ಹೆಸರಿದ್ದು ಕೊನೆಯಲ್ಲಿ ಕೇಳದ ಹೆಸರಿದ್ದರೆ ಅದನ್ನು ಒತ್ತಬೇಡಿ.

ಒಂದಾಣೆಗೆ ಎಷ್ಟು ಪೈಸೆ?

1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾಪೈಸೆಯಾಯಿತು. ಲೆಕ್ಕದ ಪ್ರಕಾರ ಒಂದಾಣೆಗೆ 6.25 ಪೈಸೆ. ಕಾಲು ಪೈಸೆಯ ನಾಣ್ಯವಿಲ್ಲ. ಆದ್ದರಿಂದ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ನಿಗದಿ ಮಾಡಿದರು. ನಾಲ್ಕಾಣೆಯನ್ನು ಒಟ್ಟಿಗೆ ಬದಲಿಸಿದರೆ 25 ಪೈಸೆ, ಒಂದೊಂದಾಣೆಯಂತೆ ನಾಲ್ಕು ಸಲ ಬದಲಿಸಿದರೆ 24. ಯಾರೂ ಕದ್ದಿಲ್ಲ, ಒಂದು ಪೈಸೆ ಮಾತ್ರ ಇಲ್ಲ.

ಕಂಪ್ಯೂಟರಿನ ಒಳಗೂ ಇದೇ ಆಗುತ್ತದೆ, ತಿರುಗುಮುರುಗಾಗಿ. ಹತ್ತರಲ್ಲಿ ಒಂದು, ಅಂದರೆ 0.1, ನಮಗೆ ಚೊಕ್ಕ ಸಂಖ್ಯೆ. ಎರಡರ ಲೆಕ್ಕದಲ್ಲಿ ಅದು ಮುಗಿಯುವುದೇ ಇಲ್ಲ, ನಮ್ಮಲ್ಲಿ ಮೂರರಲ್ಲಿ ಒಂದನ್ನು 0.333 ಎಂದು ಬರೆಯುತ್ತಲೇ ಹೋದಂತೆ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಕತ್ತರಿಸಿದ ಚೂರು ಒಮ್ಮೆಗೆ ಲೆಕ್ಕಕ್ಕಿಲ್ಲ. ಮತ್ತೆ ಮತ್ತೆ ಕೂಡುತ್ತ ಹೋದರೆ ಕಥೆ ಬೇರೆ.

1991ರ ಫೆಬ್ರುವರಿ 25ರಂದು, ಕೊಲ್ಲಿ ಯುದ್ಧದಲ್ಲಿ, ಸೌದಿ ಅರೇಬಿಯದ ದಹ್ರಾನ್‌ನಲ್ಲಿ ಇಂಥ ಚೂರು ಪ್ರಾಣ ತೆಗೆಯಿತು. ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಕಾಲವನ್ನು ಸೆಕೆಂಡಿನ ಹತ್ತನೇ ಒಂದರಂತೆ ಎಣಿಸುತ್ತಿತ್ತು. ಆ 0.1 ಅನ್ನು 24 ಬಿಟ್‌ಗೆ ಕತ್ತರಿಸಲಾಗಿತ್ತು. ಯಂತ್ರವನ್ನು ಸುಮಾರು ನೂರು ಗಂಟೆ ನಿಲ್ಲಿಸದೆ ನಡೆಸಿದ್ದರಿಂದ ತಪ್ಪು ಬೆಳೆದು ಸೆಕೆಂಡಿನ ಮೂರನೇ ಒಂದು ಭಾಗದಷ್ಟಾಯಿತು. ಅಷ್ಟು ಹೊತ್ತಿನಲ್ಲಿ ಇರಾಕಿನ ಸ್ಕಡ್ ಕ್ಷಿಪಣಿ ಅರ್ಧ ಕಿಲೋಮೀಟರಿಗೂ ಹೆಚ್ಚು ಸಾಗಿರುತ್ತದೆ. ಪೇಟ್ರಿಯಟ್ ಅದನ್ನು ಬೇರೆ ಜಾಗದಲ್ಲಿ ಹುಡುಕಿತು. ಸೈನಿಕರ ಬಿಡಾರಕ್ಕೆ ಬಿದ್ದ ಸ್ಕಡ್‌ನಿಂದ 28 ಜನ ಸತ್ತರು. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆಯೇ ತನಿಖೆ ಮಾಡಿ ಹೇಳಿದ ಕಾರಣ ಇದು.

ಹಾಗಾದರೆ ಬ್ಯಾಂಕಿನಲ್ಲಿ ನಿಮ್ಮ ಪೈಸೆಗಳು ಸೋರಿಹೋಗುತ್ತಿವೆಯೆ? ಇಲ್ಲ. ಹಣದ ತಂತ್ರಾಂಶ ಬರೆಯುವವರಿಗೆ ಇದು ಮೊದಲ ಪಾಠ. ಮೊತ್ತವನ್ನು ಪೂರ್ತಿ ಪೈಸೆಗಳ ಲೆಕ್ಕದಲ್ಲಿ ಇಡುತ್ತಾರೆ, ಇಲ್ಲವೇ ಹತ್ತರಲ್ಲೇ ಎಣಿಸುವ ವಿಶೇಷ ವಿಧಾನ ಬಳಸುತ್ತಾರೆ.

2038ರ ಭಯ

ಕೊನೆಯದಾಗಿ, 2038ರ ಜನವರಿ 19ರಂದು ಎಲ್ಲ ಫೋನುಗಳೂ ನಿಂತುಹೋಗುತ್ತವೆ ಎಂಬ ಮಾತು. ಇದಕ್ಕೆ ಬುಡವಿದೆ. ಅನೇಕ ಕಂಪ್ಯೂಟರುಗಳು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳನ್ನು ಎಣಿಸಿ ದಿನಾಂಕ ಹೇಳುತ್ತವೆ. ಹಳೆಯವು ಆ ಸಂಖ್ಯೆಗೆ 32 ಬಿಟ್ ಜಾಗ ಇಟ್ಟಿದ್ದವು. ಒಂದು ಬಿಟ್ ಕೂಡು-ಕಳೆ ಗುರುತಿಗೆ ಹೋದರೆ ಹಿಡಿಯುವ ಅತಿ ದೊಡ್ಡ ಸಂಖ್ಯೆ 214,74,83,647. ಅಷ್ಟು ಸೆಕೆಂಡು ಮುಗಿಯುವುದು ನಮ್ಮ ಸಮಯದಲ್ಲಿ ಆ ಮಂಗಳವಾರ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮರುಕ್ಷಣ ಎಣಿಕೆ ತಿರುಗಿ 1901ಕ್ಕೆ ಹೋಗುತ್ತದೆ. ಯೂಟ್ಯೂಬ್‌ನಲ್ಲಿ ಗಂಗ್ನಮ್ ಸ್ಟೈಲ್ ಹಾಡಿನ ವೀಕ್ಷಣೆ 2014ರಲ್ಲಿ ಇದೇ ಸಂಖ್ಯೆ ಮುಟ್ಟಿದಾಗ, ಎಣಿಕೆಯನ್ನು 64 ಬಿಟ್‌ಗೆ ಬದಲಿಸಲಾಗಿತ್ತು.

ಈಗಿನ ಸ್ಮಾರ್ಟ್‌ಫೋನುಗಳು ಬಹುಪಾಲು 64 ಬಿಟ್‌ನವು. ಅವುಗಳಲ್ಲಿ ಈ ಎಣಿಕೆ ತುಂಬಲು ಸಾವಿರಾರು ಕೋಟಿ ವರ್ಷ ಬೇಕು. ತೊಂದರೆ ಇರುವುದು ಒಮ್ಮೆ ಕೂರಿಸಿದರೆ ದಶಕಗಟ್ಟಲೆ ತೆಗೆಯದ ಹಳೆಯ ಯಂತ್ರ, ಮೀಟರು, ನಿಯಂತ್ರಕಗಳಲ್ಲಿ. ಅವನ್ನು ಹುಡುಕಿ ಬದಲಿಸುವುದು ಅವುಗಳ ಒಡೆಯರ ಕೆಲಸ, ನಾವು ನೀವು ಮಾಡಬೇಕಾದ್ದೇನೂ ಇಲ್ಲ.

ಮಾಡಬಾರದ್ದು ಒಂದಿದೆ. ಫೋನಿನ ದಿನಾಂಕ ಬದಲಿಸಿ ನೋಡಿ ಎಂಬ ಸಂದೇಶ ಬಂದರೆ ಬದಲಿಸಬೇಡಿ. 2016ರ ಫೆಬ್ರುವರಿಯಲ್ಲಿ, ಐಫೋನಿನ ದಿನಾಂಕವನ್ನು 1970ರ ಜನವರಿ 1ಕ್ಕೆ ಇಟ್ಟರೆ ಹಳೆಯ ಕಾಲದ ಆಪಲ್ ಗುರುತು ಕಾಣುತ್ತದೆ ಎಂದು ಯಾರೋ ತಮಾಷೆಗೆ ಹರಿಯಬಿಟ್ಟರು. ನಂಬಿ ಹಾಗೆ ಮಾಡಿದ ಹಲವರ ಫೋನು ಆಫ್ ಮಾಡಿದ ಮೇಲೆ ಮತ್ತೆ ಆನ್ ಆಗಲಿಲ್ಲ. ಆಪಲ್ ತೊಂದರೆ ಇರುವುದನ್ನು ಒಪ್ಪಿಕೊಂಡು, ಮುಂದಿನ ಐಒಎಸ್ 9.3 ಆವೃತ್ತಿಯಲ್ಲಿ ಅದನ್ನು ಸರಿಪಡಿಸಿತು.